ಪೌಂಡ್, ಗ್ಯಾಲನ್, ಬ್ಯಾರೆಲ್: ಸಾಂದ್ರತೆಯ ಲೆಕ್ಕದಲ್ಲಿ ಅಡಗಿರುವ ಲಾಭ-ನಷ್ಟ

ಕಾರ್ಕಳ ಪರಿಸರದ ಗೇರುಬೀಜ ಕಾರ್ಖಾನೆಗಳಲ್ಲಿ ತಿರುಳಿನ ದರ್ಜೆಯನ್ನು ಇಂದಿಗೂ ಪೌಂಡ್ ಲೆಕ್ಕದಲ್ಲಿಯೇ ಹೇಳುವುದು ವಾಡಿಕೆ. ‘ಡಬ್ಲ್ಯು 320’ ಎಂದರೆ ಒಂದು ಪೌಂಡಿಗೆ 300ರಿಂದ 320 ಇಡಿ ತಿರುಳುಗಳು. ರಫ್ತಿನ ಡಬ್ಬಿಯ ಮೇಲಿರುವ 11.34 ಕಿಲೋಗ್ರಾಂ ಎಂಬ ವಿಚಿತ್ರ ಸಂಖ್ಯೆ ಹಳೆಯ 25 ಪೌಂಡಿನ ಹೊಸ ವೇಷವಷ್ಟೇ. 1956ರ ಕಾಯ್ದೆಯ ಮೂಲಕ ಭಾರತವು ಮೆಟ್ರಿಕ್ ಪದ್ಧತಿಯನ್ನು ಸ್ವೀಕರಿಸಿತಾದರೂ ಹೊರದೇಶದ ಖರೀದಿದಾರರ ಪತ್ರಗಳಿಂದ ಪೌಂಡ್, ಘನ ಅಡಿ, ಗ್ಯಾಲನ್‌ಗಳು ಮರೆಯಾಗಿಲ್ಲ. ತೂಕವೊಂದನ್ನೇ ಪರಿವರ್ತಿಸುವುದು ಸುಲಭ. ತೂಕ ಮತ್ತು ಗಾತ್ರ ಎರಡೂ ಕೂಡಿರುವ ಸಾಂದ್ರತೆಯಲ್ಲಿ ಎಡವುವ ಸಂಭವ ಹೆಚ್ಚು.

ಮೂಲ ಸೂತ್ರ

ಒಂದು ಪೌಂಡ್ ಎಂದರೆ 0.45359237 ಕಿಲೋಗ್ರಾಂ, ಒಂದು ಅಡಿ ಎಂದರೆ 0.3048 ಮೀಟರ್. ಇವೆರಡರಿಂದ ದೊರೆಯುವ ಗುಣಕ 16.0185. ಘನ ಅಡಿಗೆ ಇಂತಿಷ್ಟು ಪೌಂಡ್ ಎಂಬುದನ್ನು ಇದರಿಂದ ಗುಣಿಸಿದರೆ ಘನ ಮೀಟರಿಗೆ ಎಷ್ಟು ಕಿಲೋಗ್ರಾಂ ಎಂಬುದು ತಿಳಿಯುತ್ತದೆ. ಮರಳಿ ಪೌಂಡಿಗೆ ಬರಬೇಕಾದರೆ ಭಾಗಿಸಬೇಕು. ಘನ ಮೀಟರಿಗೆ 1000 ಕಿಲೋ ತೂಗುವ ನೀರು ಘನ ಅಡಿಗೆ ಸುಮಾರು 62.4 ಪೌಂಡ್, 2700 ಕಿಲೋ ತೂಗುವ ಗ್ರಾನೈಟ್ ಸುಮಾರು 168.6 ಪೌಂಡ್. ನೀರಿನ ಈ ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡರೆ ಉತ್ತರ ಸರಿಯೋ ತಪ್ಪೋ ಎಂಬುದನ್ನು ಕಣ್ಣಳತೆಯಲ್ಲೇ ಪರೀಕ್ಷಿಸಬಹುದು.

ಗ್ಯಾಲನ್ ಒಂದಲ್ಲ, ಎರಡು

ಗೇರುಸಿಪ್ಪೆಯ ಎಣ್ಣೆಯ ಸಾಪೇಕ್ಷ ಸಾಂದ್ರತೆ ಸುಮಾರು 0.96. ಖರೀದಿದಾರನೊಬ್ಬ 1000 ಗ್ಯಾಲನ್‌ಗೆ ದರ ಕೇಳಿದನೆಂದು ಭಾವಿಸೋಣ. ಅಮೆರಿಕದ ಗ್ಯಾಲನ್ 3.785 ಲೀಟರ್; ಬ್ರಿಟನ್ನಿನ ಇಂಪೀರಿಯಲ್ ಗ್ಯಾಲನ್ 4.546 ಲೀಟರ್. ಮೊದಲನೆಯದರಂತೆ 3634 ಕಿಲೋ, ಎರಡನೆಯದರಂತೆ 4364 ಕಿಲೋ ಸರಕು ಬೇಕಾಗುತ್ತದೆ. ಒಂದೇ ಶಬ್ದದ ಅಡಿಯಲ್ಲಿ 730 ಕಿಲೋ ವ್ಯತ್ಯಾಸ! ಸಣ್ಣ ಉದ್ದಿಮೆಯ ಇಡೀ ಲಾಭಾಂಶ ಇಷ್ಟರಲ್ಲಿಯೇ ಕರಗಿಹೋಗಬಹುದು. ಆದುದರಿಂದ ದರಪತ್ರದಲ್ಲಿ ‘ಗ್ಯಾಲನ್’ ಎಂದಷ್ಟೇ ಬರೆಯದೆ ಯಾವ ದೇಶದ್ದೆಂಬುದನ್ನೂ ಕಿಲೋಗ್ರಾಂ ಲೆಕ್ಕವನ್ನೂ ನಮೂದಿಸುವುದು ಲೇಸು.

ಉಷ್ಣತೆಯ ಪ್ರಭಾವ

ಉಡುಪಿಯ ಎಣ್ಣೆ ವ್ಯಾಪಾರಿಗಳಿಗೆ ಕಿಲೋ-ಲೀಟರ್‌ಗಳ ತಾಕಲಾಟ ಹೊಸದಲ್ಲ. ಸಾಂದ್ರತೆ 0.915 ಇರುವಾಗ 15 ಕಿಲೋ ತೆಂಗಿನೆಣ್ಣೆ ಸುಮಾರು 16.4 ಲೀಟರ್ ಆಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಎಣ್ಣೆಯ ಗಾತ್ರ ಶೇಕಡಾ 0.7ರಷ್ಟು ಹಿಗ್ಗುತ್ತದೆ, ತೂಕ ಮಾತ್ರ ಬದಲಾಗದು. ಪೊಟ್ಟಣದ ಮೇಲೆ ಹೆಚ್ಚಿನ ಉಷ್ಣತೆಯನ್ನು ನಮೂದಿಸಿ ಕಡಿಮೆ ಎಣ್ಣೆ ತುಂಬುವುದನ್ನು ತಡೆಯಲೆಂದೇ ಕೇಂದ್ರ ಸರಕಾರವು 2022ರಲ್ಲಿ, ಉಷ್ಣತೆಯ ಉಲ್ಲೇಖವಿಲ್ಲದೆ ಗಾತ್ರವನ್ನು ತಿಳಿಸಿ, ಜೊತೆಗೆ ತೂಕವನ್ನೂ ಮುದ್ರಿಸುವಂತೆ ಖಾದ್ಯತೈಲ ತಯಾರಕರಿಗೆ ಸೂಚಿಸಿತು.

ಪಾದೂರಿನಿಂದ ಮಣಿಪಾಲದವರೆಗೆ

ಕಾಪು ಸಮೀಪದ ಪಾದೂರಿನಲ್ಲಿ ನೆಲದಡಿಯ ಬಂಡೆಯನ್ನು ಕೊರೆದು ನಿರ್ಮಿಸಿದ ಕಚ್ಚಾತೈಲ ಸಂಗ್ರಹಾಗಾರದ ಸಾಮರ್ಥ್ಯ 25 ಲಕ್ಷ ಟನ್. ವಿಶ್ವ ಮಾರುಕಟ್ಟೆಯಲ್ಲಿಯೋ ತೈಲಕ್ಕೆ ಬೆಲೆ ಕಟ್ಟುವುದು 158.987 ಲೀಟರಿನ ಬ್ಯಾರೆಲ್‌ಗಳಲ್ಲಿ. ಅಷ್ಟೇ ತೂಕದ ತೈಲದ ಸಾಂದ್ರತೆ 0.86 ಆದರೆ ಸುಮಾರು 183 ಲಕ್ಷ ಬ್ಯಾರೆಲ್, 0.84 ಆದರೆ 187 ಲಕ್ಷ ಬ್ಯಾರೆಲ್. ಎರಡನೆಯ ದಶಮಾಂಶ ಸ್ಥಾನದ ಅಂಕಿಗೆ ನಾಲ್ಕು ಲಕ್ಷ ಬ್ಯಾರೆಲ್‌ಗಳ ಬೆಲೆ!

ಮುದ್ರಣೋದ್ಯಮಕ್ಕೆ ಹೆಸರಾದ ಮಣಿಪಾಲದಲ್ಲಿ ಇದೇ ಬಗೆಯ ತೊಡಕು ಕಾಗದದ ರೂಪದಲ್ಲಿ ಎದುರಾಗಬಹುದು. ಇಲ್ಲಿ ಕಾಗದದ ಅಳತೆ ಚದರ ಮೀಟರಿಗೆ ಇಂತಿಷ್ಟು ಗ್ರಾಂ. ಅಮೆರಿಕದಲ್ಲಿ 500 ಹಾಳೆಗಳ ತೂಕವೇ ಅಳತೆ. ಆದರೆ ಮೂಲ ಹಾಳೆಯ ಗಾತ್ರ ಎಲ್ಲದಕ್ಕೂ ಒಂದೇ ಅಲ್ಲ. 80 ಪೌಂಡಿನ ಪುಸ್ತಕದ ಕಾಗದವು 118 ಗ್ರಾಂ ಆದರೆ 80 ಪೌಂಡಿನ ರಕ್ಷಾಪುಟದ ಕಾಗದ 216 ಗ್ರಾಂ.

ಪಾಲಿಸಬೇಕಾದ ಎಚ್ಚರ

ಅಳತೆಯ ಮಾನವನ್ನು ಪೂರ್ಣವಾಗಿ ಬರೆಯುವುದು, ದ್ರವವಾದರೆ ಉಷ್ಣತೆಯನ್ನು ದಾಖಲಿಸುವುದು, ದಶಮಾಂಶಗಳನ್ನು ಕೊನೆಯ ಹಂತದವರೆಗೂ ಉಳಿಸಿಕೊಳ್ಳುವುದು, ಒಪ್ಪಂದದಲ್ಲಿ ತೂಕವನ್ನೇ ಆಧಾರವಾಗಿಸುವುದು: ಈ ನಾಲ್ಕನ್ನು ಪಾಲಿಸಿದರೆ ಸಾಕು. ಸರಕು ಬಂದರು ತಲುಪಿದ ಮೇಲೆ ಏಳುವ ವಿವಾದಕ್ಕಿಂತ, ದರಪತ್ರಕ್ಕೆ ಸಹಿ ಹಾಕುವ ಮುನ್ನ ವ್ಯಯಿಸುವ ಐದು ನಿಮಿಷ ಖಂಡಿತವಾಗಿಯೂ ಅಗ್ಗ.