ವಾಣಿಜ್ಯ ವಿದ್ಯಾರ್ಥಿಯ ದಿನಚರಿ: ಜಮೆ ಎಷ್ಟು, ಖರ್ಚು ಎಷ್ಟು?

ತಂದೆಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತು, ರೋಜುಕೀರ್ದಿ ಬರೆದು, ಗಿರಾಕಿಯ ಮುಖಭಾವವನ್ನು ಓದುತ್ತಲೇ ಮಗನು ವ್ಯಾಪಾರಿಯಾಗುತ್ತಿದ್ದ ಕಾಲವೊಂದಿತ್ತು. ಇಂದು ಅಷ್ಟೇ ಸಾಲದು. ಸರಕು ಮತ್ತು ಸೇವಾ ತೆರಿಗೆ, ಇ-ವೇ ಬಿಲ್, ಬ್ಯಾಂಕಿನವರು ಕೇಳುವ ಯೋಜನಾ ವರದಿ, ದುಡಿಯುವ ಬಂಡವಾಳದ ಲೆಕ್ಕಾಚಾರ ಇವೆಲ್ಲವುಗಳ ಅರಿವಿಲ್ಲದೆ ಸಣ್ಣ ಅಂಗಡಿಯನ್ನೂ ನಡೆಸುವುದು ಕಷ್ಟವಾಗಿದೆ. ಆದುದರಿಂದಲೇ ನಮ್ಮ ವರ್ತಕ ಬಂಧುಗಳಲ್ಲಿ ಹಲವರು ತಮ್ಮ ಮಕ್ಕಳನ್ನು ಬಿ.ಕಾಂ., ಬಿ.ಬಿ.ಎ., ಎಂ.ಬಿ.ಎ. ಅಥವಾ ಸಿ.ಎ. ವ್ಯಾಸಂಗಕ್ಕೆ ಸೇರಿಸುತ್ತಿದ್ದಾರೆ. ಇದು ಸ್ವಾಗತಾರ್ಹ ಬೆಳವಣಿಗೆ. ಆದರೆ ಶುಲ್ಕದ ರಸೀದಿಯನ್ನು ಜೋಪಾನವಾಗಿ ಕಡತದಲ್ಲಿಡುವ ನಾವು, ಆ ಮಗುವಿನ ದಿನಚರಿಯ ಲೆಕ್ಕವನ್ನು ಎಂದಾದರೂ ಪರಿಶೀಲಿಸಿದ್ದೇವೆಯೇ?

ವಿದ್ಯಾರ್ಥಿಗಳ ಸಂತೋಷ, ಸಮತೋಲನ ಎಂದಾಕ್ಷಣ ಉಪನ್ಯಾಸ, ಶಿಬಿರ, ಧ್ಯಾನಗಳ ಮಾತು ಬರುತ್ತದೆ. ಅವೆಲ್ಲ ಒಳ್ಳೆಯವೇ. ಆದರೆ ವಾಣಿಜ್ಯ ವಿದ್ಯಾರ್ಥಿಯ ನೆಮ್ಮದಿಯು ಅವನ ಮನೋಬಲವೊಂದನ್ನೇ ಅವಲಂಬಿಸಿಲ್ಲ. ಅವನ ಸಮಯವನ್ನು ನಿಯಂತ್ರಿಸುವ ಹಿರಿಯರ ನಡವಳಿಕೆಯನ್ನೂ ಅದು ಅವಲಂಬಿಸಿದೆ. ಆ ಹಿರಿಯರೆಂದರೆ ತಂದೆತಾಯಿಯರು, ಅವನು ತರಬೇತಿ ಪಡೆಯುವ ಲೆಕ್ಕಪರಿಶೋಧಕರು ಮತ್ತು ಆ ಕಚೇರಿಯ ಕಕ್ಷಿದಾರರಾದ ನಾವು, ನೀವು.

ವಾರದ 168 ಗಂಟೆಗಳು

ಸಿ.ಎ. ತರಬೇತಿಯಲ್ಲಿರುವ ವಿದ್ಯಾರ್ಥಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಶಿಕ್ಷಣ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಎಂಬ ಪ್ರಾಯೋಗಿಕ ತರಬೇತಿಯ ಅವಧಿಯು ಮೂರು ವರ್ಷಗಳಿಂದ ಎರಡು ವರ್ಷಗಳಿಗೆ ಇಳಿದಿದೆ. ಇಂಟರ್‌ಮೀಡಿಯಟ್ ಪರೀಕ್ಷೆಯ ಎರಡೂ ಗುಂಪುಗಳಲ್ಲಿ ತೇರ್ಗಡೆಯಾದ ನಂತರವೇ ತರಬೇತಿ ಆರಂಭ. ತರಬೇತಿ ಮುಗಿದ ಮೇಲೆ ಆರು ತಿಂಗಳ ಅಧ್ಯಯನದ ಅವಧಿ, ತದನಂತರ ಅಂತಿಮ ಪರೀಕ್ಷೆ. ದುಡಿಮೆಯ ಕಾಲ ಬೇರೆ, ಪರೀಕ್ಷೆಯ ಕಾಲ ಬೇರೆ ಎಂದು ನಿಯಮವೇ ಈಗ ಗೆರೆ ಎಳೆದಿದೆ. ತರಬೇತಿಯ ಕೆಲಸಕ್ಕೆ ವಾರಕ್ಕೆ 35 ಗಂಟೆಗಳ ಅಳತೆಯೂ ಇದೆ.

ಒಂದು ವಾರದಲ್ಲಿ ಇರುವುದು 168 ಗಂಟೆ. ದಿನಕ್ಕೆ 8 ಗಂಟೆಯಂತೆ ನಿದ್ರೆಗೆ 56. ಕಚೇರಿಗೆ 35. ಊಟದ ವಿರಾಮ ಮತ್ತು ಓಡಾಟಕ್ಕೆ ಆರು ದಿನ ಎರಡೆರಡು ಗಂಟೆ ಎಂದರೆ 12. ಸ್ನಾನ, ಊಟ, ಮನೆಗೆಲಸಕ್ಕೆ ದಿನಕ್ಕೆ ಎರಡೂವರೆ ಗಂಟೆಯಂತೆ 17.5. ಪದವಿ ವ್ಯಾಸಂಗವೂ ಸೇರಿದಂತೆ ಓದಿಗೆ ದಿನಕ್ಕೆ 4 ಗಂಟೆಯಂತೆ 28. ಒಟ್ಟು 148.5. ಉಳಿಯುವುದು 19.5 ಗಂಟೆ. ತಾಯಿಯೊಡನೆ ನಾಲ್ಕು ಮಾತು, ಗೆಳೆಯರ ಸಂಗ, ಸಂಜೆಯ ನಡಿಗೆ, ಹಬ್ಬ, ಮದುವೆ, ಕ್ರಿಕೆಟ್ ಪಂದ್ಯ, ಕಾದಂಬರಿ ಎಲ್ಲವೂ ಈ ಹತ್ತೊಂಬತ್ತೂವರೆ ಗಂಟೆಯೊಳಗೇ ಆಗಬೇಕು. ಶಿಸ್ತಿನಿಂದ ಬಾಳಿದರೆ ಇದು ಸಾಕು.

ಈಗ ಕೆಲಸದ ಸುಗ್ಗಿ ಬಂದಿತೆನ್ನಿ. ವಿದ್ಯಾರ್ಥಿಯು ಪ್ರತಿ ಸಂಜೆ ಮೂರೂವರೆ ಗಂಟೆ ಹೆಚ್ಚಾಗಿ ಕಚೇರಿಯಲ್ಲಿ ಕುಳಿತರೆ ಆರು ದಿನಗಳಲ್ಲಿ 21 ಗಂಟೆಗಳಾದವು. ಉಳಿತಾಯವೆಲ್ಲ ಕರಗಿ ಒಂದೂವರೆ ಗಂಟೆಯ ಸಾಲ ಬಿತ್ತು. ಆ ಸಾಲವನ್ನು ಕೊಡುವ ಬ್ಯಾಂಕು ಒಂದೇ, ಅದು ನಿದ್ರೆ. 18ರಿಂದ 25ರ ವಯಸ್ಸಿನವರಿಗೆ ದಿನಕ್ಕೆ 7ರಿಂದ 9 ಗಂಟೆಗಳ ನಿದ್ರೆ ಬೇಕೆಂಬುದು ತಜ್ಞರ ಸಲಹೆ. ಒಂದು ವಾರದ ಸಾಲವನ್ನು ದೇಹವು ಹೇಗೋ ಸಹಿಸೀತು. ತಿಂಗಳುಗಟ್ಟಲೆ ಬೆಳೆದ ಸಾಲ ಸಿಡುಕು, ಮರೆವು, ಊಟದಲ್ಲಿ ಅರುಚಿ, ಓದಿನಲ್ಲಿ ಬೇಸರಗಳ ರೂಪದಲ್ಲಿ ವಸೂಲಿಗೆ ಬರುತ್ತದೆ.

ಕೊನೆಯ ದಿನಾಂಕದ ಭಾರ ಯಾರ ಹೆಗಲಿಗೆ?

ಈ ಸುಗ್ಗಿಯ ಒತ್ತಡವೆಲ್ಲ ಸರ್ಕಾರದ ದಿನಾಂಕಗಳಿಂದ ಉಂಟಾದದ್ದೆಂದು ನಾವು ಭಾವಿಸಿದ್ದೇವೆ. ಅದು ಅರ್ಧ ಸತ್ಯ. ಮಾಸಿಕ ವಿವರ ಸಲ್ಲಿಸುವ ವರ್ತಕರಿಗೆ ಜಿ.ಎಸ್.ಟಿ.ಆರ್.-1ಕ್ಕೆ ಮರು ತಿಂಗಳ 11ನೇ ತಾರೀಖು, 3ಬಿ ನಮೂನೆಗೆ 20ನೇ ತಾರೀಖು ಸಾಮಾನ್ಯ ಗಡುವು. ಖರೀದಿಯ ಮೇಲಿನ ತೆರಿಗೆ ಜಮೆಯನ್ನು ತೋರಿಸುವ 2ಬಿ ತಖ್ತೆ 14ರಂದು ದೊರೆಯುತ್ತದೆ. ಅಂದರೆ ಖರೀದಿ ಬಿಲ್ಲುಗಳನ್ನು ಆ ತಖ್ತೆಯೊಡನೆ ತಾಳೆ ನೋಡಲು ಆರು ದಿನಗಳ ಕಾಲಾವಕಾಶವಿದೆ. ಬಿಲ್ಲುಗಳ ಕಟ್ಟು ಮೊದಲೇ ಕಚೇರಿಗೆ ಬಂದಿದ್ದರೆ ಈ ಕೆಲಸ ಹಗಲು ಹೊತ್ತಿನಲ್ಲಿಯೇ ಸಾವಧಾನವಾಗಿ ಮುಗಿಯುತ್ತದೆ. 19ರ ಸಂಜೆ ಬಂದರೆ ಆರು ದಿನಗಳ ಕೆಲಸ ಒಂದು ರಾತ್ರಿಗೆ ಇಳಿಯುತ್ತದೆ. ಆ ರಾತ್ರಿ ಗಣಕಯಂತ್ರದ ಮುಂದೆ ಕುಳಿತಿರುವವರು ಬಹುಪಾಲು ಇಪ್ಪತ್ತು, ಇಪ್ಪತ್ತೊಂದರ ತರುಣ ತರುಣಿಯರು. ನಮ್ಮಂತಹ ಇನ್ನೊಬ್ಬ ವರ್ತಕರ ಮಗನೋ ಮಗಳೋ ಅವರಲ್ಲಿ ಇರಬಹುದು.

ಇದು ಕೇವಲ ಕನಿಕರದ ಮಾತಲ್ಲ, ನಮ್ಮ ಹಿತಾಸಕ್ತಿಯ ಮಾತೂ ಹೌದು. ಜಿ.ಎಸ್.ಟಿ. ಗುರುತಿನ ಸಂಖ್ಯೆಯಲ್ಲಿ 15 ಅಕ್ಷರ, ಅಂಕಿಗಳಿವೆ. ನಿದ್ದೆಗಣ್ಣಿನಲ್ಲಿ ತಪ್ಪಿ ಬೇರೊಬ್ಬರ ಸಂಖ್ಯೆ ನಮೂದಾದರೆ ನಮ್ಮ ಗಿರಾಕಿಗೆ ಸಲ್ಲಬೇಕಾದ ಜಮೆ ಬೇರೆ ಕಡೆ ತೋರುತ್ತದೆ. ಮುಂದಿನ ತಿಂಗಳು ಆತ ಹಣ ತಡೆಹಿಡಿಯುತ್ತಾನೆ. ತಡವಾಗಿ ಕಟ್ಟಿದ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿಯಿದೆ, ತಡವಾದ ವಿವರಕ್ಕೆ ಶುಲ್ಕವಿದೆ. ಮಾರಾಟದ ವಿವರವನ್ನು 5ನೇ ತಾರೀಖಿನೊಳಗೆ, ಖರೀದಿ ಬಿಲ್ಲುಗಳನ್ನು 10ರೊಳಗೆ ಕಳುಹಿಸುವ ಒಂದು ಅಭ್ಯಾಸದಿಂದ ನಮ್ಮ ಲೆಕ್ಕವೂ ಶುದ್ಧವಾಗುತ್ತದೆ, ಒಬ್ಬ ವಿದ್ಯಾರ್ಥಿಯ ರಾತ್ರಿಯೂ ಉಳಿಯುತ್ತದೆ. ಜುಲೈನಿಂದ ಅಕ್ಟೋಬರ್ ಅಂತ್ಯದವರೆಗೆ ನಡೆಯುವ ವಾರ್ಷಿಕ ಲೆಕ್ಕಪರಿಶೋಧನೆಯ ಕೆಲಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕೊಡಬಹುದಾದ ಪುಸ್ತಕಗಳನ್ನು ಸೆಪ್ಟೆಂಬರ್‌ವರೆಗೆ ಅಂಗಡಿಯ ಅಟ್ಟದ ಮೇಲಿಡುವುದರಿಂದ ಯಾರಿಗೂ ಲಾಭವಿಲ್ಲ.

ಅಂಗಡಿ ಮತ್ತು ಕಾಲೇಜಿನ ನಡುವೆ

ಎರಡನೆಯ ವರ್ಗದವರು ನಮ್ಮ ಮನೆಯ ಮಕ್ಕಳೇ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಊಟ, ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಅಂಗಡಿ. ಭಾನುವಾರ ಸರಕು ಇಳಿಸುವುದು, ವಸೂಲಿಗೆ ತಿರುಗುವುದು. ವ್ಯಾಪಾರವನ್ನು ಕಣ್ಣಾರೆ ಕಾಣುವ ಈ ಅವಕಾಶ ದೊಡ್ಡದು, ಯಾವ ತರಗತಿಯೂ ಕೊಡಲಾರದಂಥದು. ಉದ್ರಿ ಕೊಟ್ಟ ಹಣ ಹಿಂದಿರುಗುವುದು ಎಷ್ಟು ಕಷ್ಟವೆಂಬುದನ್ನು ಪಠ್ಯಪುಸ್ತಕಕ್ಕಿಂತ ಅಂಗಡಿಯ ಕಟ್ಟೆಯೇ ಚೆನ್ನಾಗಿ ಕಲಿಸುತ್ತದೆ. ಆದರೆ ಇಲ್ಲಿ ಒಂದು ಮಿತಿ ಇರಬೇಕು.

ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ನೌಕರನಿಗೆ ವಾರಕ್ಕೆ ಒಂದು ದಿನ ರಜೆ ಕೊಡಲೇಬೇಕು. ಮಾಲೀಕನ ಮಗನಿಗೆ ರಜೆ ಸಿಕ್ಕಿತೇ ಎಂದು ಕೇಳುವವರು ಯಾರೂ ಇಲ್ಲ. ಕಾಯ್ದೆ ಕೇಳದಿರುವುದನ್ನು ತಂದೆಯೇ ಕೇಳಬೇಕು. "ಮನೆಯ ಅಂಗಡಿ, ಮನೆಯ ಹುಡುಗ, ಇದರಲ್ಲಿ ರಜೆಯೇನು?" ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಹೀಗೆ ಬೆಳೆದ ಹುಡುಗನಿಗೆ ಪದವಿ ಮುಗಿಯುವ ಹೊತ್ತಿಗೆ ಅಂಗಡಿಯೆಂದರೆ ತಪ್ಪಿಸಿಕೊಳ್ಳಬೇಕಾದ ಜಾಗವೆನಿಸುತ್ತದೆ. ಬೆಂಗಳೂರಿನಲ್ಲಿ ಸಿಕ್ಕ ಮೊದಲ ಉದ್ಯೋಗಕ್ಕೆ ಅವನು ಹೊರಟುನಿಂತಾಗ ತಂದೆಗೆ ಆಶ್ಚರ್ಯವಾಗುತ್ತದೆ. ಎರಡು ತಲೆಮಾರುಗಳ ವ್ಯಾಪಾರವು ಉತ್ತರಾಧಿಕಾರಿಯನ್ನು ಕಳೆದುಕೊಳ್ಳುವುದಕ್ಕೆ ಪೈಪೋಟಿಯೊಂದೇ ಕಾರಣವಲ್ಲ.

ಹೆಣ್ಣುಮಕ್ಕಳ ಲೆಕ್ಕದಲ್ಲಿ ಇನ್ನೊಂದು ಖಾತೆಯಿದೆ. ಅಣ್ಣನು ಅಂಗಡಿಯಿಂದ ಬಂದು ಊಟಕ್ಕೆ ಕುಳಿತಾಗ, ಕಾಲೇಜಿನಿಂದ ಬಂದ ತಂಗಿಯು ಅಡುಗೆಮನೆಯಲ್ಲಿರುತ್ತಾಳೆ. ಪರೀಕ್ಷೆಯ ಹಿಂದಿನ ದಿನ ನೆಂಟರು ಬಂದರೆ ಎದ್ದು ಹೋಗುವವಳು ಅವಳೇ. ಅವಳ ಆ ಗಂಟೆಗಳನ್ನು ಯಾರೂ ಯಾವ ಪುಸ್ತಕದಲ್ಲೂ ನಮೂದಿಸುವುದಿಲ್ಲ. ನಮೂದಾಗದ ಖರ್ಚೂ ಖರ್ಚೇ ಎಂಬುದು ವರ್ತಕರಿಗೆ ತಿಳಿಯದ ವಿಷಯವಲ್ಲ.

ಪರೀಕ್ಷೆಯೇ ಹೇಳುವ ಪಾಠ

ಸಿ.ಎ. ಪರೀಕ್ಷೆಯ ಉತ್ತೀರ್ಣತೆಯ ನಿಯಮದಲ್ಲಿ ಒಂದು ವಿವೇಕವಿದೆ. ಇಂಟರ್‌ಮೀಡಿಯಟ್ ಮತ್ತು ಅಂತಿಮ ಹಂತಗಳಲ್ಲಿ ಪ್ರತಿಯೊಂದು ಪತ್ರಿಕೆಯಲ್ಲೂ ಕನಿಷ್ಠ ಶೇ. 40, ಗುಂಪಿನ ಒಟ್ಟು ಮೊತ್ತದಲ್ಲಿ ಶೇ. 50 ಅಂಕಗಳು ಬೇಕು. ಲೆಕ್ಕಶಾಸ್ತ್ರದಲ್ಲಿ 80 ಅಂಕ ಗಳಿಸಿದವನು ಕಾನೂನಿನಲ್ಲಿ 38ಕ್ಕೆ ನಿಂತರೆ ಆ ಗುಂಪು ತೇರ್ಗಡೆಯಾಗುವುದಿಲ್ಲ. ಒಂದರ ಹೆಚ್ಚಳವು ಮತ್ತೊಂದರ ಕೊರತೆಯನ್ನು ತುಂಬಲಾರದು.

ಬದುಕಿನಲ್ಲಿಯೂ ಹೀಗೆಯೇ. ವ್ಯಾಸಂಗ, ಆರೋಗ್ಯ, ಮನೆಯವರ ಬಾಂಧವ್ಯ, ಮನಸ್ಸಿಗೆ ಹಿತವಾದ ಒಂದು ಹವ್ಯಾಸ ಇವು ನಾಲ್ಕು ಪತ್ರಿಕೆಗಳು. ಎಲ್ಲದರಲ್ಲೂ ಪ್ರಥಮ ದರ್ಜೆ ಬೇಕಿಲ್ಲ. ಆದರೆ ಯಾವುದೊಂದರಲ್ಲೂ ಕನಿಷ್ಠಕ್ಕಿಂತ ಕೆಳಗೆ ಇಳಿಯಬಾರದು. ಪರೀಕ್ಷೆಯ ಹಿಂದಿನ ತಿಂಗಳು ಹವ್ಯಾಸಕ್ಕೆ ನಲವತ್ತೇ ಸಾಕು, ಸೊನ್ನೆ ಬೇಡ.

ಫಲಿತಾಂಶದ ದಿನ

ಸಿ.ಎ. ಪರೀಕ್ಷೆಗಳಲ್ಲಿ ತೇರ್ಗಡೆಯಾಗುವವರಿಗಿಂತ ಆಗದವರ ಸಂಖ್ಯೆಯೇ ಸಾಮಾನ್ಯವಾಗಿ ಹೆಚ್ಚು. ಎರಡು, ಮೂರು ಪ್ರಯತ್ನಗಳ ನಂತರ ತೇರ್ಗಡೆಯಾಗಿ ಉತ್ತಮ ಲೆಕ್ಕಪರಿಶೋಧಕರಾದವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಆದರೂ ಫಲಿತಾಂಶದ ದಿನ ಮನೆಯಲ್ಲಿ ಮೊದಲು ಕೇಳಿಬರುವ ಮಾತು, "ಪಕ್ಕದ ಅಂಗಡಿಯವರ ಮಗನದು ಏನಾಯಿತು?" ಎಂಬುದು. ಒಂದು ವರ್ಷ ಮಳೆ ಕೈಕೊಟ್ಟು ವ್ಯಾಪಾರ ನಷ್ಟಕ್ಕೆ ಬಿದ್ದರೆ ನಾವು ಅಂಗಡಿ ಮುಚ್ಚುವುದಿಲ್ಲ. ನಷ್ಟವನ್ನು ಮುಂದಿನ ವರ್ಷಕ್ಕೆ ಎಳೆದುಕೊಂಡು ನಡೆಯುತ್ತೇವೆ. ಅದೇ ತಾಳ್ಮೆಯನ್ನು ಮಕ್ಕಳಿಗೆ ತೋರಿಸುವುದರಲ್ಲಿ ಮಾತ್ರ ಜಿಪುಣರಾಗುತ್ತೇವೆ.

ಇದನ್ನು ಹಗುರವಾಗಿ ಕಾಣುವಂತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಮೃತಪಟ್ಟರು. ಕಾರಣಗಳು ಅನೇಕವಿರಬಹುದು. ಮನೆಯಲ್ಲಿ ಮನಬಿಚ್ಚಿ ಮಾತನಾಡಲು ಒಬ್ಬರಿದ್ದರೆ ಎಷ್ಟೋ ಭಾರ ಇಳಿಯುತ್ತದೆ. ಮಗುವು ಊಟ ಬಿಟ್ಟರೆ, ಮಾತು ಕಡಿಮೆ ಮಾಡಿದರೆ, ರಾತ್ರಿಯೆಲ್ಲ ಎಚ್ಚರವಿದ್ದರೆ ಅದನ್ನು ಸೋಮಾರಿತನವೆಂದು ಗದರಿಸದೆ ಪಕ್ಕದಲ್ಲಿ ಕುಳಿತು ವಿಚಾರಿಸಬೇಕು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಅಂಗಡಿಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ತಪ್ಪೇನಿಲ್ಲ.

ದಿನಕ್ಕೊಂದು ಮುಕ್ತಾಯ

ವರ್ತಕನಿಗೆ ಇರುವ ಒಂದು ಸುಖ ವಿದ್ಯಾರ್ಥಿಗೆ ಇಲ್ಲ. ರಾತ್ರಿ ನಗದು ಎಣಿಸಿ, ಪುಸ್ತಕದೊಡನೆ ತಾಳೆ ನೋಡಿ, ದೀಪ ಆರಿಸಿ, ಷಟರ್ ಎಳೆದು ಬೀಗ ಹಾಕಿದಾಗ ಆ ದಿನದ ವ್ಯಾಪಾರ ಮುಗಿಯಿತು. ಲಾಭವೋ ನಷ್ಟವೋ, ಮನಸ್ಸಿಗೆ ಒಂದು ಬಿಡುವು ಸಿಕ್ಕಿತು. ವಿದ್ಯಾರ್ಥಿಯ ದಿನಕ್ಕೆ ಷಟರ್ ಇಲ್ಲ. ಪುಸ್ತಕ ಮುಚ್ಚಿದರೂ "ಇನ್ನೂ ಓದಬಹುದಿತ್ತು" ಎಂಬ ಅಳುಕು ಹಾಸಿಗೆಯವರೆಗೂ ಹಿಂಬಾಲಿಸುತ್ತದೆ. ಮೊಬೈಲ್ ಬಂದ ಮೇಲಂತೂ ಕಚೇರಿ, ತರಗತಿ, ಗೆಳೆಯರ ಅಂಕಪಟ್ಟಿ ಎಲ್ಲವೂ ದಿಂಬಿನ ಪಕ್ಕಕ್ಕೇ ಬಂದಿವೆ. ನನ್ನ ದೃಷ್ಟಿಯಲ್ಲಿ ಇಂದಿನ ವಾಣಿಜ್ಯ ವಿದ್ಯಾರ್ಥಿಗೆ ಬೇಕಾದುದು ದಿನವನ್ನು ಮುಗಿಸುವ ಕಲೆ. ಅದಕ್ಕಾಗಿ ಕೆಲವು ಸಲಹೆಗಳು:

1. ಒಂದು ವಾರ ಕಾಲ ಸಮಯದ ರೋಜುಕೀರ್ದಿ ಬರೆಯಿರಿ. ಎದ್ದದ್ದು, ಓದಿದ್ದು, ಹರಟಿದ್ದು, ಮೊಬೈಲ್ ನೋಡಿದ್ದು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ನಮೂದಿಸಿ. ಸೋರಿಕೆ ಎಲ್ಲಿದೆಯೆಂದು ಅದೇ ಹೇಳುತ್ತದೆ.

2. ರಾತ್ರಿ ಓದು ನಿಲ್ಲಿಸುವ ಹೊತ್ತನ್ನು ನಿಗದಿಪಡಿಸಿ. ನಾಳೆ ಮಾಡಬೇಕಾದ ಮೂರು ಕೆಲಸಗಳನ್ನು ಚೀಟಿಯಲ್ಲಿ ಬರೆದು ಪುಸ್ತಕದೊಳಗಿಟ್ಟು ಮುಚ್ಚಿ. ಉಳಿದದ್ದು ನಾಳೆಯ ಆರಂಭ ಶಿಲ್ಕು.

3. ಯಂತ್ರಕ್ಕೆ ಸವಕಳಿ ಲೆಕ್ಕ ಹಾಕುವ ನೀವು ದೇಹದ ಸವಕಳಿಯನ್ನೂ ನೆನಪಿಡಿ. ದಿನಕ್ಕೆ ಅರ್ಧ ಗಂಟೆಯ ನಡಿಗೆಗೆ ದುಡ್ಡು ಬೇಕಿಲ್ಲ.

4. ಅಂಕವೂ ಲಾಭವೂ ಇಲ್ಲದ ಒಂದು ಕೆಲಸವನ್ನು ಉಳಿಸಿಕೊಳ್ಳಿ. ಅದು ಹಾರ್ಮೋನಿಯಂ ಆಗಿರಲಿ, ಚೆಸ್ ಆಗಿರಲಿ, ಯಕ್ಷಗಾನದ ಹವ್ಯಾಸಿ ತಂಡವಾಗಿರಲಿ. ಅಲ್ಲಿ ಯಾರೂ ನಿಮ್ಮನ್ನು ಅಳೆಯುವುದಿಲ್ಲ.

5. ತರಬೇತಿಯಲ್ಲಿರುವವರು ತಮಗೆ ಸಲ್ಲುವ ರಜೆಯನ್ನು ಮೊದಲೇ ತಿಳಿಸಿ ಪಡೆಯಿರಿ. ಹಿರಿಯರಿಗೆ ವಿನಯದಿಂದ ಹೇಳುವುದೂ ವೃತ್ತಿಶಿಕ್ಷಣದ ಒಂದು ಭಾಗ.

ಹಿರಿಯರ ಪಾಲಿಗೆ ಮೂರೇ ಕೆಲಸ: ಬಿಲ್ಲುಗಳನ್ನು ಸಕಾಲಕ್ಕೆ ಕಳುಹಿಸುವುದು, ಅಂಗಡಿಯಲ್ಲಿ ದುಡಿಯುವ ಮಗ, ಮಗಳಿಗೆ ವಾರಕ್ಕೊಂದು ದಿನ ಪೂರ್ತಿ ಬಿಡುವು ಕೊಡುವುದು, ಫಲಿತಾಂಶದ ದಿನ ಬೇರೆಯವರ ಮಕ್ಕಳ ಮಾತೆತ್ತದಿರುವುದು. ಇವುಗಳಿಗೆ ಬಂಡವಾಳ ಬೇಕಾಗಿಲ್ಲ.

ನಾಳೆ ನಮ್ಮ ಉದ್ದಿಮೆಗಳನ್ನು ನಡೆಸುವವರು, ನಮ್ಮ ಲೆಕ್ಕಪತ್ರಗಳಿಗೆ ಸಹಿ ಹಾಕುವವರು ಈ ಮಕ್ಕಳೇ. ಹಗಲು ದುಡಿದು ರಾತ್ರಿ ನೆಮ್ಮದಿಯಾಗಿ ಮಲಗುವುದನ್ನು ಇಪ್ಪತ್ತರಲ್ಲಿ ಕಲಿತವರು ಐವತ್ತರಲ್ಲಿಯೂ ಅದನ್ನು ಮರೆಯುವುದಿಲ್ಲ. ಈ ತಿಂಗಳ ಬಿಲ್ಲುಗಳ ಕಟ್ಟನ್ನು 10ನೇ ತಾರೀಖಿನೊಳಗೆ ಕಳುಹಿಸುವುದರಿಂದಲೇ ನಮ್ಮ ಪಾಲಿನ ಕೆಲಸವನ್ನು ಆರಂಭಿಸೋಣ.