ಬೆರಳು ಉಳಿಯಿತು, ಕೋಡುಬಳೆ ಹಾರಿತು

ವಡೋದರೆಯ ಸಯಾಜಿಬಾಗಿನಲ್ಲಿ ಒಂದು ಭಾನುವಾರ ನಡೆದ ಮಾತು. ನಮ್ಮ ಬಳಗದ ಸಂಸಾರವೊಂದು ಬುತ್ತಿ ಬಿಚ್ಚಿ ಹುಲ್ಲಿನ ಮೇಲೆ ಕುಳಿತಿತ್ತು. ಮೊಮ್ಮಗ ಕೋಡುಬಳೆಯನ್ನು ಬೆರಳಿಗೆ ಉಂಗುರದಂತೆ ತೊಟ್ಟು, ಕೈಯೆತ್ತಿ ಎಲ್ಲರಿಗೂ ತೋರಿಸುತ್ತಿದ್ದ. ಬೆನ್ನ ಹಿಂದಿನಿಂದ ಸರ್ರನೆ ಗಾಳಿ ಬೀಸಿದಂತಾಯಿತು. ಬೆರಳು ಉಳಿಯಿತು, ಉಂಗುರ ಹೋಯಿತು!

"ಗರುಡ ಕಣೋ, ಕೈ ಮುಗಿ" ಎಂದರಂತೆ ಅಜ್ಜಿ.

"ಮುಗಿದರೆ ಕೋಡುಬಳೆ ತಿರುಗಿ ಕೊಡ್ತಾನೇನಜ್ಜೀ?"

ಬಂದದ್ದು ಗರುಡನಲ್ಲ, ಹದ್ದು, ಗುಜರಾತಿಗಳ 'ಸಮಡಿ'. ಗರುಡನಿಗೆ ತಲೆ, ಎದೆ ಬಿಳುಪು, ರೆಕ್ಕೆ ಕೆಂಗಂದು. ಹದ್ದಿಗೆ ಮೈಯೆಲ್ಲ ಕಂದು, ಬಾಲ ಕವಲು. ಅದು ಕಸಿಯುವುದು ಕೊಕ್ಕಿನಿಂದಲ್ಲ, ಕಾಲುಗುರಿನಿಂದ. ಮಕ್ಕಳ ಕೈಗೆ ಗೀರು ಬಿದ್ದೀತು. ಬಯಲಿನಲ್ಲಿ ಎರಗುವ ಈ ಹಕ್ಕಿಗೆ ಕೊಂಬೆಗಳ ನಡುವೆ ನುಗ್ಗುವುದು ಕಷ್ಟ. ಆದುದರಿಂದ ಮರದಡಿಯಲ್ಲಿ ಕುಳಿತುಣ್ಣಿ, ಡಬ್ಬಿಗೆ ಮುಚ್ಚಳವಿರಲಿ. ತಮಾಷೆಗೆಂದು ತುಣುಕು ಎಸೆಯಬೇಡಿ. ರುಚಿ ಹತ್ತಿದ ಹದ್ದು ನಾಳೆ ಇನ್ನೊಬ್ಬರ ತಟ್ಟೆಗೆ ಕಾಲು ಹಾಕೀತು.

ಆದರೆ ನಮ್ಮಿಂದ ಅದಕ್ಕಾಗುವ ಕೇಡಿನ ಮುಂದೆ ಈ ಕಳ್ಳತನ ಎಷ್ಟರದು? ಜನವರಿ 14ರ ಉತ್ತರಾಯಣದಲ್ಲಿ ಗಾಜಿನ ಪುಡಿ ಬಳಿದ ದಾರ ಎಷ್ಟೋ ಹಕ್ಕಿಗಳ ರೆಕ್ಕೆ ಕೊಯ್ಯುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಹಕ್ಕಿಗಳು ಹೊರಡುವ ಮುಂಜಾನೆ, ಮರಳುವ ಸಂಜೆ ಗಾಳಿಪಟ ಹಾರಿಸದಿರುವುದು ಲೇಸು. ಗಾಯಗೊಂಡ ಹಕ್ಕಿ ಕಂಡರೆ ಬಟ್ಟೆ ಹೊದಿಸಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು 1962ಕ್ಕೆ ಫೋನು ಮಾಡಿ. ಹಬ್ಬದ ಮರುದಿನ ಮಾಳಿಗೆಯ ಮೇಲಿನ ದಾರದ ತುಂಡುಗಳನ್ನು ಮಕ್ಕಳೊಡನೆ ಆರಿಸಿ ತೆಗೆದುಬಿಡಿ.