ಪಂಚಾಯತ್ ಸಿಬ್ಬಂದಿಯ ಕಾರ್ಯಸಾಮರ್ಥ್ಯ: ಕೆಲಸದೊಳಗಿನ ಕಲಿಕೆ ಮತ್ತು ಅಲ್ಪಾವಧಿ ತರಬೇತಿ

ಗ್ರಾಮ ಪಂಚಾಯತ್‌ನ ಸಾಮಾನ್ಯ ಸಭೆಯಲ್ಲಿ ಮಾನ್ಯ ಸದಸ್ಯರು ಕೈಗೊಳ್ಳುವ ನಿರ್ಣಯವು ಜನರ ಮನೆಬಾಗಿಲನ್ನು ತಲುಪುವುದು ಸಿಬ್ಬಂದಿಯ ಮೂಲಕ. ನೀರುಗಂಟಿ, ಕರವಸೂಲಿಗಾರ, ಡಾಟಾ ಎಂಟ್ರಿ ಆಪರೇಟರ್, ಸ್ವಚ್ಛತಾಗಾರ ಇವರ ನೇಮಕಾತಿ ಹಾಗೂ ವೇತನದ ವಿಷಯಗಳು ಸಭೆಯ ಮುಂದೆ ಬರುತ್ತವೆ. ಅವರು ಕೆಲಸವನ್ನು ಹೇಗೆ ಕಲಿಯುತ್ತಾರೆ ಎಂಬ ವಿಷಯವೂ ಅಷ್ಟೇ ಗಮನಕ್ಕೆ ಅರ್ಹವಾಗಿದೆ.

ಕಲಿಕೆಯ ಕೊರತೆ ಎರಡು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಪಂಚತಂತ್ರ 2.0 ಅಥವಾ ಇ-ಸ್ವತ್ತು ತಂತ್ರಾಂಶವನ್ನು ಕಚೇರಿಯಲ್ಲಿ ಒಬ್ಬರೇ ಬಲ್ಲವರಾಗಿದ್ದರೆ, ಅವರು ರಜೆಯಲ್ಲಿರುವ ದಿನ ಅರ್ಜಿದಾರರು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಯಾವ ವಾಲ್ವ್ ತಿರುಗಿಸಿದರೆ ಯಾವ ವಾರ್ಡಿಗೆ ನೀರು ಹರಿಯುತ್ತದೆ, ರಸ್ತೆಯಡಿಯ ಹಳೆಯ ಪೈಪು ಎಲ್ಲಿ ಹಾದುಹೋಗಿದೆ ಎಂಬುದು ಹಿರಿಯ ನೀರುಗಂಟಿಯೊಬ್ಬರ ನೆನಪಿನಲ್ಲಿ ಮಾತ್ರ ಉಳಿದಿದ್ದರೆ, ಅವರ ನಿವೃತ್ತಿಯೊಂದಿಗೆ ಆ ತಿಳಿವಳಿಕೆಯೂ ಪಂಚಾಯತ್‌ನ ಕೈತಪ್ಪುತ್ತದೆ.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ತನ್ನದೇ ಆದ ಪರಂಪರೆಯಿದೆ. 1925ರಲ್ಲಿ ಉಡುಪಿಯಲ್ಲಿ ಆರಂಭಗೊಂಡು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿ ಯೋಜನೆಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಮನೆಮನೆಗೆ ತೆರಳಿ ಸಂಗ್ರಹಿಸುವ ಆ ವ್ಯವಸ್ಥೆಯು ಸಂಗ್ರಾಹಕರ ಪ್ರಾಮಾಣಿಕತೆ, ಲೆಕ್ಕದ ಶಿಸ್ತು ಮತ್ತು ಜನರೊಡನೆ ವ್ಯವಹರಿಸುವ ಜಾಣ್ಮೆಯ ಮೇಲೆ ನಿಂತಿತ್ತು. ಸಿಬ್ಬಂದಿಯ ತರಬೇತಿಗೆಂದೇ ಬ್ಯಾಂಕು ಮಣಿಪಾಲದಲ್ಲಿ ಪ್ರತ್ಯೇಕ ಸಂಸ್ಥೆಯನ್ನೂ ನಡೆಸಿತು. ಇಂದು ಮನೆ ತೆರಿಗೆ ಹಾಗೂ ನೀರಿನ ಶುಲ್ಕ ಸಂಗ್ರಹಿಸುವ ನಮ್ಮ ಕರವಸೂಲಿಗಾರರಿಗೂ ಬೇಕಾಗಿರುವುದು ಇದೇ ಗುಣಗಳು.

ಅಲ್ಪಾವಧಿ ತರಬೇತಿಗೂ ಸಮೀಪದಲ್ಲಿಯೇ ಮಾದರಿಯಿದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ಕೆಲವೇ ವಾರಗಳ ಉಚಿತ ವಸತಿ ತರಬೇತಿಯಲ್ಲಿ ವೃತ್ತಿಕೌಶಲದ ಜೊತೆಗೆ ಲೆಕ್ಕಪತ್ರ, ಬೆಲೆ ನಿಗದಿ ಮತ್ತು ಮಾರುಕಟ್ಟೆಯ ತಿಳಿವಳಿಕೆಯನ್ನೂ ನೀಡುವ ಪದ್ಧತಿಯನ್ನು ರೂಢಿಸಿತು. ಬ್ರಹ್ಮಾವರದಲ್ಲಿಯೂ ಇದರ ಕೇಂದ್ರವಿದೆ. ರಾಜ್ಯದಲ್ಲಿ ಸ್ವಚ್ಛ ವಾಹಿನಿಗಳನ್ನು ಚಲಾಯಿಸುತ್ತಿರುವ ಸ್ವಸಹಾಯ ಸಂಘಗಳ ಅನೇಕ ಮಹಿಳೆಯರು ಇಂತಹ ಸ್ವ-ಉದ್ಯೋಗ ತರಬೇತಿ ಕೇಂದ್ರಗಳಲ್ಲಿಯೇ ವಾಹನ ಚಾಲನೆ ಕಲಿತವರು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿರುವ ಒಣಕಸ ನಿರ್ವಹಣಾ ಘಟಕಕ್ಕೆ ಕಸ ಕಳುಹಿಸುವ ಪಂಚಾಯತ್‌ಗಳಲ್ಲಿ ವಿಂಗಡಣೆ, ತೂಕ ಮತ್ತು ದಾಖಲೆಯನ್ನು ಬಲ್ಲವರಿದ್ದರೆ ಮಾತ್ರ ಕಸಕ್ಕೆ ಬೆಲೆ ದೊರೆಯುತ್ತದೆ.

ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯು ಮುಖಾಮುಖಿಯಾಗಿಯೂ ಉಪಗ್ರಹ ಆಧಾರಿತವಾಗಿಯೂ ತರಬೇತಿಗಳನ್ನು ನಡೆಸುತ್ತದೆ. ಆದರೆ ತರಗತಿಯಲ್ಲಿ ಕೇಳಿದ್ದು ಕೆಲಸದಲ್ಲಿ ಬಳಕೆಯಾಗದಿದ್ದರೆ ಬೇಗನೆ ಮರೆತುಹೋಗುತ್ತದೆ. ಕುಡಿಯುವ ನೀರಿನ ಉದಾಹರಣೆಯನ್ನೇ ನೋಡಬಹುದು. ಕ್ಲೋರಿನ್ ಬಳಸಿ ಶುದ್ಧೀಕರಿಸಿದ ನೀರಿನಲ್ಲಿ ಬಳಕೆದಾರರ ನಳ್ಳಿಯ ಬಳಿಯೂ ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ. ಈ ಅಂಕಿಯನ್ನು ನೀರುಗಂಟಿಯು ಕೇಳಿ ತಿಳಿದಿದ್ದರೆ ಸಾಲದು. ಪರೀಕ್ಷಾ ಕಿಟ್ ಹಿಡಿದು, ಟ್ಯಾಂಕಿಯಿಂದ ಅತಿ ದೂರದ ಮನೆಯ ನೀರನ್ನು ಸ್ವತಃ ಪರೀಕ್ಷಿಸಿ, ಬಣ್ಣವನ್ನು ಹೋಲಿಸಿ, ಪುಸ್ತಕದಲ್ಲಿ ಬರೆದಾಗಲೇ ಅದು ಕೌಶಲವಾಗುತ್ತದೆ. ಕಾಪು ಭಾಗದ ಕಡಲತೀರದಲ್ಲಿ ಬೇಸಿಗೆಯಲ್ಲಿ ಬಾವಿಗಳಿಗೆ ಉಪ್ಪಿನಂಶ ಸೇರುವುದನ್ನು ಮೊದಲೇ ಗುರುತಿಸಲು ಕೂಡ ಇಂತಹ ಕೈರೂಢಿಯೇ ಬೇಕು.

ಈ ಹಿನ್ನೆಲೆಯಲ್ಲಿ ಗ್ರಾಮ ಪಂಚಾಯತ್‌ಗಳು ಕೆಳಗಿನ ಕ್ರಮಗಳನ್ನು ಪರಿಶೀಲಿಸಬಹುದಾಗಿದೆ:

1. ಮುಖ್ಯ ಕೆಲಸಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಅದನ್ನು ಬಲ್ಲವರ ಹೆಸರನ್ನು ಬರೆಯುವುದು. ಒಂದೇ ಹೆಸರಿರುವ ಕೆಲಸಕ್ಕೆ ಎರಡನೆಯವರನ್ನು ಸಿದ್ಧಪಡಿಸುವುದು.

2. ತಿಂಗಳಿಗೆ ಅರ್ಧ ದಿನವನ್ನು ಪರಸ್ಪರ ಕಲಿಕೆಗೆ ಮೀಸಲಿಡುವುದು. ನೀರುಗಂಟಿಯೊಡನೆ ನಡೆದು ಪೈಪು ಮತ್ತು ವಾಲ್ವ್‌ಗಳ ನಕ್ಷೆ ಬರೆಯುವುದು ಮೊದಲ ಪಾಠವಾಗಬಹುದು.

3. ತರಬೇತಿಯಿಂದ ಮರಳಿದವರಿಗೆ ಎರಡು ವಾರಗಳೊಳಗೆ ಕಲಿತದ್ದನ್ನು ಬಳಸುವ ಕೆಲಸವೊಂದನ್ನು ವಹಿಸಿ, ಸಹೋದ್ಯೋಗಿಗಳಿಗೆ ತೋರಿಸಿಕೊಡಲು ತಿಳಿಸುವುದು.

4. ತರಬೇತಿಗೆ ತೆರಳುವವರ ಪ್ರಯಾಣ ವೆಚ್ಚ ಹಾಗೂ ಬದಲಿ ವ್ಯವಸ್ಥೆಯನ್ನು ಮೊದಲೇ ನಿಶ್ಚಯಿಸುವುದು. ಮಹಿಳಾ ಸಿಬ್ಬಂದಿಗೆ ಅನುಕೂಲವಾಗುವ ಸ್ಥಳ ಮತ್ತು ಸಮಯವನ್ನು ಗಮನಿಸುವುದು.

ಕಲಿತವರು ಕೆಲಸ ಬಿಟ್ಟು ಹೋದರೆ ವೆಚ್ಚ ವ್ಯರ್ಥವಾಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಕೌಶಲವು ಇಬ್ಬರಲ್ಲಿದ್ದು, ಕೆಲಸದ ಕ್ರಮವು ಬರಹದಲ್ಲಿದ್ದರೆ ಆ ನಷ್ಟವು ಬಹುಮಟ್ಟಿಗೆ ತಪ್ಪುತ್ತದೆ. ಕಲಿಸದೆ ಉಳಿಸಿಕೊಂಡರೆ ಆಗುವ ನಷ್ಟವನ್ನು ಗ್ರಾಮಸ್ಥರು ಪ್ರತಿದಿನವೂ ಅನುಭವಿಸಬೇಕಾಗುತ್ತದೆ.

ತರಬೇತಿಯ ಫಲವನ್ನು ಪ್ರಮಾಣಪತ್ರಗಳ ಎಣಿಕೆಯಿಂದ ಅಳೆಯುವುದು ಸರಿಯಲ್ಲ. ಬಾಕಿ ಅರ್ಜಿಗಳು ಎಷ್ಟು ಇಳಿದಿವೆ, ವಸೂಲಾದ ತೆರಿಗೆಯ ರಸೀದಿಗಳು ಅದೇ ದಿನ ದಾಖಲಾಗುತ್ತಿವೆಯೇ, ಕೊನೆಯ ನಳ್ಳಿಯ ನೀರಿನ ಪರೀಕ್ಷೆ ನಿಯಮಿತವಾಗಿ ನಡೆಯುತ್ತಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಮೂರು ತಿಂಗಳಿಗೊಮ್ಮೆ ಸಭೆಯಲ್ಲಿ ಕೇಳಿದರೆ ಸಾಕು. ಮೇಲಿನ ಪಟ್ಟಿಯನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಯಾವ ಕೆಲಸದ ಎದುರು ಒಂದೇ ಹೆಸರಿದೆ ಎಂಬುದನ್ನು ನೋಡಿ, ಅಲ್ಲಿಂದಲೇ ಆರಂಭಿಸುವುದು ಸೂಕ್ತ.